ಕರ್ತೃ ಇಲ್ಲದ ಬಾಣ ಹಾಕಬೇಡಿ: ಬಲ ಮತ್ತು ಚಲನೆಯ ನಿಯಮ ಕಲಿಯುವ ಒಂದು ದಾರಿ

ಕೇರಂ ಬೋರ್ಡಿನ ಮೇಲೆ ಸ್ಟ್ರೈಕರ್ ಹೊಡೆದಿದ್ದೀರಿ. ಬೆರಳು ಈ ಕಡೆ ಉಳಿಯಿತು, ಸ್ಟ್ರೈಕರ್ ಆ ಕಡೆ ಹೋಗುತ್ತಿದೆ. ಇನ್ನೂ ಯಾವ ಕಾಯಿಗೂ ತಗುಲಿಲ್ಲ. ಈ ಕ್ಷಣದಲ್ಲಿ ಅದರ ಮೇಲೆ ಯಾವ ಯಾವ ಬಲ ಇದೆ? ಚಿತ್ರ ಬರೆದು ಬಾಣ ಹಾಕಿ.

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯ ಮುಂದಿನ ರೂಮಿನಲ್ಲಿ 19 ವರ್ಷದಿಂದ ಟ್ಯೂಷನ್ ಮಾಡುತ್ತಿದ್ದೇನೆ. ಒಂಬತ್ತನೇ ಕ್ಲಾಸಿನವರು ಬರುತ್ತಾರೆ, ಪಿಯುಸಿಯವರೂ ಬರುತ್ತಾರೆ. ಹೊಸಬರಿಗೆ ಮೊದಲ ದಿನ ಕೊಡುವುದು ಇದೊಂದೇ ಪ್ರಶ್ನೆ. ಹೆಚ್ಚಿನವರು ಸ್ಟ್ರೈಕರ್ ಹೋಗುವ ದಿಕ್ಕಿಗೆ ಒಂದು ದಪ್ಪ ಬಾಣ ಎಳೆಯುತ್ತಾರೆ. ಯಾಕೆ ಅಂದರೆ, "ಮತ್ತೆ ಅದು ಹೋಗ್ತಾ ಇದೆಯಲ್ಲ ಮಿಸ್" ಅನ್ನುತ್ತಾರೆ.

ನಾನೂ ಅದೇ ಬಾಣ ಹಾಕಿದವಳೇ. 1991ರಲ್ಲಿ ಮೊದಲನೇ ಪಿಯುಸಿ. ಹತ್ತನೆಯವರೆಗೆ ಕನ್ನಡ ಮೀಡಿಯಂ, ಕಾಲೇಜಿಗೆ ಕಾಲಿಟ್ಟ ಕೂಡಲೇ ಎಲ್ಲಾ ಇಂಗ್ಲಿಷ್. ಒದ್ದ ಮೇಲೆ ನೆಲದಲ್ಲಿ ಉರುಳುತ್ತಿರುವ ಚೆಂಡಿನ ಪ್ರಶ್ನೆ ಬಂದಿತ್ತು. ಮುಂದಕ್ಕೆ ಬಾಣ ಹಾಕಿ ಪಕ್ಕದಲ್ಲಿ ಗತ್ತಿನಿಂದ 'ಫೋರ್ಸ್ ಆಫ್ ಮೋಷನ್' ಅಂತ ಬರೆದಿದ್ದೆ. ಐದಕ್ಕೆ ಸೊನ್ನೆ. ಯಾಕೆ ಅಂತ ಕೇಳಿದರೆ ಲೆಕ್ಚರರ್ "ಟೆಕ್ಸ್ಟ್ ಓದಿ" ಅಂದರು. ಅಷ್ಟೇ.

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಫಿಸಿಕ್ಸ್ ಅಂದರೆ ಮಾರು ದೂರ. ರಾತ್ರಿ ಊಟ ಆದ ಮೇಲೆ ನನ್ನ ಪೇಪರ್ ತಗೊಂಡು, "ಈ ಬಾಣ ಏನು ಹೇಳ್ತಿದೆ, ಕನ್ನಡದಲ್ಲಿ ಹೇಳಮ್ಮ" ಅಂದರು.

"ಚೆಂಡನ್ನು ಮುಂದಕ್ಕೆ ತಳ್ಳುತ್ತಿದೆ."

"ಕರ್ಮ ಇದೆ. ಕ್ರಿಯಾಪದ ಇದೆ. ಕರ್ತೃ ಎಲ್ಲಿ?"

ಯೋಚಿಸಿದೆ. ಒದ್ದ ಕಾಲು? ಅದನ್ನು ಬಿಟ್ಟು ಚೆಂಡು ಆಗಲೇ ಎರಡು ಮಾರು ಹೋಗಿದೆ. ನೆಲ? ಗಾಳಿ? ಅವೆರಡೂ ತಡೆಯುವಂಥವು. "ಯಾರೂ ಇಲ್ಲಪ್ಪ" ಅಂದೆ. "ಹಾಗಾದರೆ ವಾಕ್ಯ ತಪ್ಪು, ಹೊಡೆದು ಹಾಕು" ಅಂದವರೇ ಎಲೆಅಡಿಕೆ ಡಬ್ಬಿ ಎಳೆದುಕೊಂಡರು.

ನಾನು ಇವತ್ತು ಹೇಳಿಕೊಡುವುದರಲ್ಲಿ ಮುಕ್ಕಾಲು ಪಾಲು ಆ ಒಂದು ಪ್ರಶ್ನೆಯೇ. ಬಾಣ ಹಾಕುವ ಮುಂಚೆ ವಾಕ್ಯ ಬರೆಯಿರಿ. "ಇಂಥದ್ದು ಇಂಥದ್ದನ್ನು ಇಂಥ ಕಡೆಗೆ ತಳ್ಳುತ್ತದೆ" ಅಥವಾ "ಎಳೆಯುತ್ತದೆ". ಕರ್ತೃವಿನ ಜಾಗದಲ್ಲಿ ಬೆರಳು ಮಾಡಿ ತೋರಿಸಬಹುದಾದ ಒಂದು ವಸ್ತು ಇರಬೇಕು. ಚಲನೆ, ವೇಗ, ಜಡತ್ವ, ರಭಸ, ಇವು ವಸ್ತುಗಳಲ್ಲ. ಇವು ಕರ್ತೃ ಆಗುವುದಿಲ್ಲ.

ಮೊದಲು 'ಬಲ' ಅನ್ನುವ ಪದದ ಜೊತೆ ಒಂದು ಜಗಳ

ನಮ್ಮ ಮಕ್ಕಳಿಗೆ ಕಷ್ಟ ಆಗುವುದಕ್ಕೆ ಅರ್ಧ ಕಾರಣ ಈ ಪದ. ಮಾತಿನಲ್ಲಿ ಬಲ ಅಂದರೆ ಒಬ್ಬರ ಹತ್ತಿರ ಇರುವಂಥದ್ದು. ಭೀಮನಿಗೆ ಬಲ ಇದೆ. ಆನೆಗೆ ಬಲ ಇದೆ. ಅವನಿಗೆ ಜನಬಲ ಇದೆ, ಹಣಬಲ ಇದೆ. ಹಾಗಾಗಿ ಓಡುವ ಸ್ಟ್ರೈಕರ್‌ಗೂ ಒಳಗೆ ಸ್ವಲ್ಪ ಬಲ ಇರಬೇಕು, ಅದು ಖಾಲಿ ಆದಾಗ ನಿಲ್ಲುತ್ತದೆ, ಸ್ಕೂಟರಿನ ಪೆಟ್ರೋಲ್ ಹಾಗೆ ಅಂದುಕೊಳ್ಳುತ್ತಾರೆ.

ಫಿಸಿಕ್ಸಿನ ಬಲ ಯಾರ ಹತ್ತಿರವೂ ಇರುವುದಿಲ್ಲ. ಅದು ಎರಡು ವಸ್ತುಗಳ ನಡುವೆ ನಡೆಯುವ ಕೆಲಸ. ಆದ್ದರಿಂದ ಮೊದಲ ಎರಡು ವಾರ ನೋಟ್ಸಿನಲ್ಲಿ 'ಬಲ' ಬಂದಲ್ಲೆಲ್ಲ 'ತಳ್ಳುವುದು' ಅಥವಾ 'ಎಳೆಯುವುದು' ಅಂತ ಓದಿಕೊಳ್ಳಿ. "ಸ್ಟ್ರೈಕರ್‌ಗೆ ಬಲ ಇದೆ" ಅನ್ನುವುದು ಸರಿ ಅನ್ನಿಸುತ್ತದೆ. "ಸ್ಟ್ರೈಕರ್‌ಗೆ ತಳ್ಳುವುದು ಇದೆ" ಅಂದರೆ? ಅರ್ಥವೇ ಇಲ್ಲ, ಅಲ್ವಾ? ಓಡುವ ಸ್ಟ್ರೈಕರ್ ಹತ್ತಿರ ನಿಜವಾಗಿ ಇರುವುದಕ್ಕೆ ಬೇರೆ ಹೆಸರಿದೆ: ಸಂವೇಗ. ದ್ರವ್ಯರಾಶಿಯನ್ನು (ವಸ್ತುವಿನಲ್ಲಿ ಎಷ್ಟು ದ್ರವ್ಯ ಇದೆ ಅನ್ನುವುದು, ಕೆಜಿಯಲ್ಲಿ) ವೇಗದಿಂದ ಗುಣಿಸಿದರೆ ಬರುವುದು. ಮಕ್ಕಳು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಅದನ್ನೇ, ಹೆಸರು ಮಾತ್ರ ತಪ್ಪು ಕೊಟ್ಟಿದ್ದಾರೆ. ಇದನ್ನು ಹೇಳಿದರೆ ಕೆಲವರ ಮುಖ ಅರಳುತ್ತದೆ. ದಡ್ಡತನ ಅಲ್ಲ, ಹೆಸರು ಅದಲು ಬದಲು, ಅಷ್ಟೇ.

ಕರ್ತೃಗಳನ್ನು ಹುಡುಕುವುದು ಹೇಗೆ

ಒಂದು ವಸ್ತುವನ್ನು ಆರಿಸಿಕೊಳ್ಳಿ. ಒಂದೇ. ಅದರ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಈಗ ಆ ಗೆರೆಯ ಮೇಲೆ ಬೆರಳು ಆಡಿಸುತ್ತಾ ಹೋಗಿ. ಎಲ್ಲೆಲ್ಲಿ ಬೇರೆ ವಸ್ತು ಮುಟ್ಟುತ್ತಿದೆಯೋ ಅಲ್ಲಿ ನಿಲ್ಲಿ. ಮುಟ್ಟಿದ್ದೆಲ್ಲ ತಳ್ಳಬಹುದು, ಎಳೆಯಬಹುದು. ಮುಟ್ಟದ್ದು ತಳ್ಳಲಾರದು. ಇದಕ್ಕೆ ಹೊರತು ಅಂದರೆ ಭೂಮಿಯ ಎಳೆತ, ಮತ್ತೆ ಆಯಸ್ಕಾಂತ, ವಿದ್ಯುತ್ತು. ಸ್ಕೂಲಿನ ಲೆಕ್ಕಗಳಲ್ಲಿ ಬಹುತೇಕ ಭೂಮಿ ಒಂದೇ.

ಸ್ಟ್ರೈಕರ್‌ಗೆ ಇದನ್ನೇ ಮಾಡಿ. ಭೂಮಿ ಕೆಳಗೆ ಎಳೆಯುತ್ತದೆ. ಬೋರ್ಡು ಮೇಲಕ್ಕೆ ತಳ್ಳುತ್ತದೆ. ಅದೇ ಬೋರ್ಡು ಹಿಂದಕ್ಕೂ ಉಜ್ಜುತ್ತದೆ, ಅದು ಘರ್ಷಣೆ. ಗಾಳಿ ಒಂಚೂರು, ಬಿಟ್ಟುಬಿಡಿ. ಮೂರು ಬಾಣ. ಮುಂದಕ್ಕೆ ಒಂದೂ ಇಲ್ಲ. ಬೆರಳು ಮುಟ್ಟುತ್ತಿಲ್ಲ, ಅದಕ್ಕೇ.

ಕಾಲೇಜಿನಲ್ಲಿ ಇದಕ್ಕೆ ಫ್ರೀ ಬಾಡಿ ಡಯಾಗ್ರಾಂ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಇಷ್ಟೇ.

ಹಾಗಾದರೆ ಮುಂದಕ್ಕೆ ತಳ್ಳದೆ ಅದು ಯಾಕೆ ಹೋಗುತ್ತಿದೆ? ಇದು ಒಳ್ಳೆಯ ಪ್ರಶ್ನೆ, ಜನ ಸಾವಿರಾರು ವರ್ಷ ಕೇಳಿದ ಪ್ರಶ್ನೆ. ನಾನು ಬಾಯಲ್ಲಿ ಉತ್ತರ ಕೊಡುವುದಿಲ್ಲ, ಬೋರಿಕ್ ಪೌಡರ್ ಡಬ್ಬಿ ಕೊಡುತ್ತೇನೆ. ಬೋರ್ಡು ಚೆನ್ನಾಗಿ ಒರೆಸಿ, ಪೌಡರ್ ಇಲ್ಲದೆ ಹೊಡೆಯಿರಿ. ಅರ್ಧ ಬೋರ್ಡಿಗೇ ನಿಲ್ಲುತ್ತದೆ. ಸ್ವಲ್ಪ ಉದುರಿಸಿ ಅಷ್ಟೇ ಜೋರಾಗಿ ಹೊಡೆಯಿರಿ. ಆ ಕಡೆ ತಾಗಿ ವಾಪಸ್ ಬರುತ್ತದೆ. ಇನ್ನೂ ಉದುರಿಸಿ. ಎರಡು ಸಲ ತಾಗುತ್ತದೆ. ಬೆರಳು ಅದೇ, ಹೊಡೆತ ಅದೇ. ಬದಲಾಗಿದ್ದು ಬೋರ್ಡಿನ ಉಜ್ಜಾಟ ಮಾತ್ರ. ಉಜ್ಜಾಟ ಪೂರ್ತಿ ಸೊನ್ನೆ ಆದರೆ? ಗೆಲಿಲಿಯೋ ಇಳಿಜಾರಿನ ಮೇಲೆ ಗುಂಡು ಉರುಳಿಸಿ ಇದೇ ದಾರಿಯಲ್ಲಿ ಯೋಚಿಸಿದ. ನ್ಯೂಟನ್ 1687ರಲ್ಲಿ ಅದನ್ನು ಮೊದಲನೇ ನಿಯಮ ಮಾಡಿದ. ಹೋಗುತ್ತಿರುವುದಕ್ಕೆ ಕಾರಣ ಬೇಡ, ಅದು ಹೋಗುತ್ತಲೇ ಇರುತ್ತದೆ. ನಿಲ್ಲುವುದಕ್ಕೆ, ತಿರುಗುವುದಕ್ಕೆ, ಜೋರಾಗುವುದಕ್ಕೆ ಕಾರಣ ಬೇಕು.

ಚಂದ್ರಯಾನ-3 ನೆನಪಿದೆಯಾ? 2023ರ ಆಗಸ್ಟ್ 1ರಂದು ಎಂಜಿನ್ ಉರಿಸಿ ಅದನ್ನು ಚಂದ್ರನ ದಾರಿಗೆ ಹಾಕಿದರು. ಆಗಸ್ಟ್ 5ಕ್ಕೆ ಚಂದ್ರನ ಕಕ್ಷೆ ಸೇರಿತು. ನಮ್ಮ ಪೀಣ್ಯದಲ್ಲಿರುವ ಇಸ್ರೋದ ಟ್ರ್ಯಾಕಿಂಗ್ ಕೇಂದ್ರ ಇಸ್ಟ್ರ್ಯಾಕ್‌ನಲ್ಲಿ ಕೂತವರು ಅದರ ಮೇಲೆ ಕಣ್ಣಿಟ್ಟಿದ್ದರು. ಆ ನಡುವಿನ ದಿನಗಳಲ್ಲಿ ಎಂಜಿನ್ ಉರಿಯುತ್ತಲೇ ಇತ್ತು ಅಂತ ಎಷ್ಟೋ ಮಕ್ಕಳು ಅಂದುಕೊಂಡಿದ್ದರು. ಇಲ್ಲ. ಹೆಚ್ಚುಕಮ್ಮಿ ಪೂರ್ತಿ ದಾರಿ ಸುಮ್ನೆ ಹೋಯಿತು. ಭೂಮಿ ಹಿಂದಕ್ಕೆ ಎಳೆಯುತ್ತಿತ್ತು, ಅದಕ್ಕೇ ನಿಧಾನ ಆಗುತ್ತಾ ಹೋಯಿತು. ಕೊನೆಗೆ ಚಂದ್ರ ತನ್ನ ಕಡೆ ಎಳೆದುಕೊಂಡ. ಮುಂದಕ್ಕೆ ತಳ್ಳುವವರು ಯಾರೂ ಇರಲಿಲ್ಲ.

ಬಿಎಂಟಿಸಿ ಬಸ್ಸು ಗಕ್ಕನೆ ನಿಂತಾಗ ಮುಂದಕ್ಕೆ ಮುಗ್ಗರಿಸುತ್ತೀರಲ್ಲ, ಅದೂ ಇದೇ ಜಾತಿ. "ಯಾರೋ ತಳ್ಳಿದ ಹಾಗಾಯ್ತು" ಅನ್ನುತ್ತೇವೆ. ಯಾರು? ಹಿಂದಿನವರು ಒರಗದಿದ್ದರೆ ಯಾರೂ ಅಲ್ಲ. ಬಸ್ಸನ್ನು ಬ್ರೇಕು ಮತ್ತು ರಸ್ತೆ ಸೇರಿ ನಿಲ್ಲಿಸಿದವು, ನಿಮ್ಮ ಕಾಲನ್ನು ಬಸ್ಸಿನ ನೆಲ ನಿಲ್ಲಿಸಿತು, ತಲೆಯನ್ನು ನಿಲ್ಲಿಸುವವರು ಸಿಗಲಿಲ್ಲ. ಸರ್ಕಲ್‌ನಲ್ಲಿ ತಿರುಗುವಾಗ ಪಕ್ಕದವರ ಮೇಲೆ ಬೀಳುವುದೂ ಹಾಗೇ. ನೀವು ನೇರ ಹೋಗುತ್ತಿದ್ದೀರಿ, ಬಸ್ಸು ತಿರುಗಿತು.

ಐಡಿ ಕಾರ್ಡು ಹಿಡಿದು ಮೆಟ್ರೋ ಹತ್ತಿ

ಎರಡನೇ ನಿಯಮವನ್ನು ಸೂತ್ರದಿಂದ ಶುರು ಮಾಡಬೇಡಿ. ಎಫ್ ಈಸ್ ಈಕ್ವಲ್ ಟು ಎಂಎ (ಬಲ ಅಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ; ವೇಗೋತ್ಕರ್ಷ ಅಂದರೆ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಅನ್ನುವುದು) ಅಂತ ನಿದ್ದೆಯಲ್ಲೂ ಹೇಳುವ ಮಕ್ಕಳಿದ್ದಾರೆ, ಎಂಬತ್ತು ಕಿಲೋಮೀಟರ್ ವೇಗದಲ್ಲಿ ನೇರವಾಗಿ ಒಂದೇ ಸಮನೆ ಹೋಗುವ ಕಾರಿನ ಮೇಲೆ ಒಟ್ಟು ಬಲ ಎಷ್ಟು ಅಂದರೆ ತಡಬಡಾಯಿಸುತ್ತಾರೆ. ಸೊನ್ನೆ. ಬಲದ ಸಂಬಂಧ ವೇಗದ ಜೊತೆ ಅಲ್ಲ, ವೇಗದ ಬದಲಾವಣೆ ಜೊತೆ. ಇದನ್ನು ಕಣ್ಣಿನಿಂದ ನೋಡಬೇಕು. ಈ ಊರಿನಲ್ಲಿ ಅದಕ್ಕೆ ಬೇಕಾದ ಸಲಕರಣೆ ಪ್ರತಿಯೊಬ್ಬರ ಕುತ್ತಿಗೆಯಲ್ಲೂ ನೇತಾಡುತ್ತಿದೆ.

ವರ್ಷಕ್ಕೊಂದು ಸಲ ಪಿಯುಸಿ ಮಕ್ಕಳನ್ನು ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಹಸಿರು ಲೈನ್ ಹತ್ತಿಸುತ್ತೇನೆ. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ, ಜನ ಕಮ್ಮಿ ಇರುವಾಗ. ಒಬ್ಬರು ಐಡಿ ಕಾರ್ಡಿನ ಟ್ಯಾಗನ್ನು ಬೆರಳಲ್ಲಿ ಹಿಡಿದು ಕಾರ್ಡನ್ನು ಇಳಿಬಿಡಬೇಕು. ಬೆರಳಿನಿಂದ ಕಾರ್ಡಿನವರೆಗೆ 40 ಸೆಂಟಿಮೀಟರ್ ಇರುವ ಹಾಗೆ ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಸ್ಕೇಲ್ ಅಡ್ಡ ಹಿಡಿಯಬೇಕು. ಮೊಣಕೈಯನ್ನು ಸೀಟಿನ ಕಂಬಿಗೆ ಒತ್ತಿಕೊಂಡರೆ ಕೈ ಅಲ್ಲಾಡುವುದಿಲ್ಲ.

ಬಾಗಿಲು ಮುಚ್ಚಿತು. ರೈಲು ಹೊರಟಿತು. ಕಾರ್ಡು ಹಿಂದಕ್ಕೆ ಸರಿಯಿತು. ಸ್ವಲ್ಪ ತೂಗಾಡಿ, ಓರೆಯಾಗಿಯೇ ನಿಂತಿತು. ಸ್ಕೇಲ್‌ನಲ್ಲಿ ಹತ್ತಿರ ಹತ್ತಿರ 4 ಸೆಂಟಿಮೀಟರ್. ರೈಲು ಜೋರಾಗುತ್ತಿರುವಷ್ಟು ಹೊತ್ತೂ ಹಾಗೇ ಇತ್ತು. ಆಮೇಲೆ, ರೈಲು ಪೂರ್ತಿ ಜೋರು ಹಿಡಿದು ಲಾಲ್‌ಬಾಗ್ ಕಡೆಗೆ ಓಡುತ್ತಿರುವಾಗ, ಕಾರ್ಡು ನಿಧಾನವಾಗಿ ನೆಟ್ಟಗಾಯಿತು. ಮನೆಯಲ್ಲಿ ಮೊಳೆಗೆ ನೇತುಹಾಕಿದ ಹಾಗೆ. ಹೋದ ವರ್ಷ ಒಬ್ಬ ಹುಡುಗ, "ಮಿಸ್, ಸ್ಪೀಡ್ ಜಾಸ್ತಿ ಇರೋವಾಗಲೇ ಸುಮ್ನೆ ನಿಂತಿದೆಯಲ್ಲ!" ಅಂತ ಜೋರಾಗಿ ಕೂಗಿದ. ಎದುರು ಸೀಟಿನ ಅಜ್ಜಿ ಬೆಚ್ಚಿದರು. ಸ್ಟೇಷನ್ ಬಂತು, ಬ್ರೇಕ್ ಬಿತ್ತು, ಕಾರ್ಡು ಮುಂದಕ್ಕೆ ಹೋಯಿತು.

ಈಗ ವಾಕ್ಯ ಬರೆಯಿರಿ. ಕಾರ್ಡನ್ನು ಮುಟ್ಟುತ್ತಿರುವುದು ಟ್ಯಾಗು ಮಾತ್ರ. ಭೂಮಿ ಕಾರ್ಡನ್ನು ಕೆಳಗೆ ಎಳೆಯುತ್ತದೆ, ಟ್ಯಾಗು ಕಾರ್ಡನ್ನು ಓರೆಯಾಗಿ ಮೇಲಕ್ಕೆ ಎಳೆಯುತ್ತದೆ. ಎರಡೇ ಬಾಣ. ಹಿಂದಕ್ಕೆ ಎಳೆಯುವವರು ಯಾರೂ ಇಲ್ಲ, ದಯವಿಟ್ಟು ಹಾಕಬೇಡಿ. ಟ್ಯಾಗಿನ ಓರೆ ಎಳೆತದಲ್ಲಿ ಒಂದು ಪಾಲು ಭೂಮಿಯ ಎಳೆತವನ್ನು ಸರಿದೂಗಿಸುತ್ತದೆ, ಉಳಿದ ಪಾಲು ಕಾರ್ಡನ್ನು ಮುಂದಕ್ಕೆ ಎಳೆಯುತ್ತದೆ. ಆ ಮುಂದಿನ ಪಾಲಿನಿಂದಲೇ ಕಾರ್ಡು ರೈಲಿನ ಜೊತೆ ವೇಗ ಹೆಚ್ಚಿಸಿಕೊಳ್ಳುತ್ತಿದೆ. ಓರೆ ಆಗದಿದ್ದರೆ ಮುಂದಕ್ಕೆ ಎಳೆಯುವವರೇ ಇಲ್ಲ.

ಲೆಕ್ಕ ಸುಲಭ. 40ಕ್ಕೆ 4, ಅಂದರೆ ಹತ್ತರಲ್ಲಿ ಒಂದು. ಹಾಗಾಗಿ ಮುಂದಿನ ಎಳೆತ ಕಾರ್ಡಿನ ತೂಕದ ಹತ್ತರಲ್ಲಿ ಒಂದು. ವೇಗೋತ್ಕರ್ಷವೂ ಗುರುತ್ವದ ಹತ್ತರಲ್ಲಿ ಒಂದು. ಬೆಂಗಳೂರಿನಲ್ಲಿ ಗುರುತ್ವದ ವೇಗೋತ್ಕರ್ಷ ಸುಮಾರು 9.78 ಮೀ/ಸೆ². ಪುಸ್ತಕದ 9.8ಕ್ಕಿಂತ ಕೂದಲೆಳೆಯಷ್ಟು ಕಮ್ಮಿ, ಯಾಕೆಂದರೆ ನಾವು ಸಮಭಾಜಕದ ಹತ್ತಿರವೂ ಇದ್ದೇವೆ, ಸಮುದ್ರಮಟ್ಟದಿಂದ 900 ಮೀಟರ್ ಮೇಲೂ ಇದ್ದೇವೆ. ಆದ್ದರಿಂದ ರೈಲಿನದು ಹೆಚ್ಚುಕಮ್ಮಿ 1 ಮೀ/ಸೆ². ಪ್ರತಿ ಸೆಕೆಂಡಿಗೆ ಅದರ ವೇಗ ಗಂಟೆಗೆ 3.6 ಕಿಲೋಮೀಟರ್‌ನಷ್ಟು ಏರುತ್ತಿದೆ. ಒಂದು ಕಾರ್ಡು, ಒಂದು ಸ್ಕೇಲು, ರೈಲಿನ ಎಂಜಿನಿಯರ್ ಲೆಕ್ಕ ಕೈಗೆ ಬಂತು!

ಈಗ ಸೂತ್ರ ತನ್ನಿ. ನಿಮ್ಮ ದ್ರವ್ಯರಾಶಿ 50 ಕೆಜಿ ಅಂದುಕೊಳ್ಳಿ. ನಿಮಗೂ 1 ಮೀ/ಸೆ² ಬೇಕು. 50ನ್ನು 1ರಿಂದ ಗುಣಿಸಿದರೆ 50 ನ್ಯೂಟನ್. ಯಾರಾದರೂ ನಿಮ್ಮನ್ನು 50 ನ್ಯೂಟನ್‌ನಷ್ಟು ಮುಂದಕ್ಕೆ ತಳ್ಳಲೇಬೇಕು. ಕಂಬ ಹಿಡಿದಿದ್ದರೆ ಕಂಬ. ಹಿಡಿಯದಿದ್ದರೆ ರೈಲಿನ ನೆಲ, ನಿಮ್ಮ ಚಪ್ಪಲಿಯ ಅಡಿಯ ಘರ್ಷಣೆಯಿಂದ. ಘರ್ಷಣೆ ಯಾವಾಗಲೂ ಹಿಂದಕ್ಕೆ ಅಂತ ಬಾಯಿಪಾಠ ಮಾಡಿದವರು ಇಲ್ಲಿ ಒಂದು ನಿಮಿಷ ನಿಲ್ಲಿ. ಇಲ್ಲಿ ಅದು ಮುಂದಕ್ಕೆ. ಘರ್ಷಣೆ ತಡೆಯುವುದು ಜಾರುವುದನ್ನು, ಹೋಗುವುದನ್ನಲ್ಲ.

ಕಾಫಿಪುಡಿ, ಅಕ್ಕಿ, ಲಿಫ್ಟು

50 ನ್ಯೂಟನ್ ಅಂದರೆ ಎಷ್ಟು ಅಂತ ಕೈಗೆ ಗೊತ್ತಿರಬೇಕು. ಗಾಂಧಿ ಬಜಾರಿನಲ್ಲಿ 100 ಗ್ರಾಂ ಕಾಫಿಪುಡಿ ಕಟ್ಟಿಸಿ ಅಂಗೈ ಮೇಲೆ ಇಟ್ಟುಕೊಳ್ಳಿ. ಅಂಗೈ ಮೇಲಿನ ಆ ಒತ್ತು ಸುಮಾರು 1 ನ್ಯೂಟನ್. 50 ನ್ಯೂಟನ್ ಅಂದರೆ 5 ಕೆಜಿ ಅಕ್ಕಿ ಚೀಲ ಎತ್ತಿ ಹಿಡಿದಷ್ಟು. ಯಾವ ಉತ್ತರ ಬಂದರೂ ಅಕ್ಕಿ ಚೀಲಕ್ಕೆ ಹೋಲಿಸಿ ನೋಡಿ. ಹುಡುಗ ಸೈಕಲ್ ತುಳಿಯಲು 40,000 ನ್ಯೂಟನ್ ಬೇಕು ಅಂತ ಉತ್ತರ ಬಂದರೆ ಅದು ನಾಲ್ಕು ಟನ್ ಅಕ್ಕಿ, ಎಲ್ಲೋ ಸೊನ್ನೆ ಜಾಸ್ತಿ ಆಗಿದೆ.

ತೂಕ ಅನ್ನುವುದೂ ಕೈಕೊಡುವ ಪದ. ಅಂಗಡಿಯಲ್ಲಿ ತೂಕ ಕೆಜಿಯಲ್ಲಿ. ಫಿಸಿಕ್ಸಿನಲ್ಲಿ ತೂಕ ಅಂದರೆ ಭೂಮಿ ಎಳೆಯುವ ಬಲ, ಅದು ನ್ಯೂಟನ್‌ನಲ್ಲಿ. ಕೆಜಿಯಲ್ಲಿ ಇರುವುದು ದ್ರವ್ಯರಾಶಿ. ಇದನ್ನು ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ, ಮರುದಿನ ಮರೆಯುತ್ತಾರೆ. ಲಿಫ್ಟಿನಲ್ಲಿ ನೋಡಿದವರು ಮರೆಯುವುದಿಲ್ಲ.

ಮುಳ್ಳು ಇರುವ ಹಳೇ ಕಾಲದ ತೂಕದ ಯಂತ್ರ ಬೇಕು. ಡಿಜಿಟಲ್ ಆದರೆ ಎಷ್ಟೋ ಯಂತ್ರ ಒಂದು ಅಂಕಿಗೆ ಕಚ್ಚಿಕೊಂಡು ಅಲ್ಲಾಡುವುದೇ ಇಲ್ಲ. ನಾವು ಒಬ್ಬ ಹುಡುಗಿಯ ಅಪಾರ್ಟ್‌ಮೆಂಟಿಗೆ ಯಂತ್ರ ಹೊತ್ತುಕೊಂಡು ಹೋದೆವು. ಅವಳು ಮೇಲೆ ನಿಂತಳು: 52. ಲಿಫ್ಟು ಮೇಲಕ್ಕೆ ಹೊರಟಿತು, ಮುಳ್ಳು 56ಕ್ಕೆ ಹಾರಿತು. ಮಧ್ಯದ ಮಹಡಿಗಳಲ್ಲಿ ಮತ್ತೆ 52. ನಿಲ್ಲುವಾಗ 48ಕ್ಕೆ ಇಳಿಯಿತು. ಹತ್ತು ಸಲ ಮೇಲೆ ಕೆಳಗೆ ಓಡಾಡಿದೆವು. ಹನ್ನೊಂದನೇ ಸಲಕ್ಕೆ ಅಸೋಸಿಯೇಷನ್ನಿನ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಅಂತ ಕೇಳಿದರು. ಇಳಿದೆವು.

ಹುಡುಗಿ ನಾಲ್ಕು ಕೆಜಿ ದಪ್ಪ ಆಗಲಿಲ್ಲ. ಭೂಮಿಯ ಎಳೆತವೂ ಬದಲಾಗಲಿಲ್ಲ. ಯಂತ್ರ ತೋರಿಸುವುದು ಭೂಮಿ ಅವಳನ್ನು ಎಷ್ಟು ಎಳೆಯುತ್ತಿದೆ ಅಂತಲ್ಲ, ಯಂತ್ರ ಅವಳನ್ನು ಎಷ್ಟು ಮೇಲಕ್ಕೆ ತಳ್ಳುತ್ತಿದೆ ಅಂತ. ಅವಳ ವೇಗ ಮೇಲಕ್ಕೆ ಏರಬೇಕಾದರೆ ಮೇಲಿನ ಬಾಣ ಕೆಳಗಿನದಕ್ಕಿಂತ ದೊಡ್ಡದಿರಬೇಕು. ಜಾಸ್ತಿ ಬಂದ 4 ಕೆಜಿಗೆ 39 ನ್ಯೂಟನ್. ಅದನ್ನು 52ರಿಂದ ಭಾಗಿಸಿ: 0.75 ಮೀ/ಸೆ². ಈ ಮೇಲಿನ ಬಾಣಕ್ಕೆ ನಾರ್ಮಲ್ ಫೋರ್ಸ್ ಅಂತ ಹೆಸರು. ಅದು ಯಾವಾಗಲೂ ಎಂಜಿಗೆ (ದ್ರವ್ಯರಾಶಿ ಗುಣಿಸು ಗುರುತ್ವದ ವೇಗೋತ್ಕರ್ಷ, ಅಂದರೆ ತೂಕಕ್ಕೆ) ಸಮ ಅಂತ ಬರೆಯುವ ಚಟ ಇದ್ದವರು ಒಂದು ಸಲ ಲಿಫ್ಟು ಹತ್ತಿ ಬನ್ನಿ.

ಸಂವೇಗದ ವಿಷಯ ಬಂದಾಗ ನಾನು ತೋರಿಸುವುದು ಲಾರಿಯಿಂದ ಇಟ್ಟಿಗೆ ಇಳಿಸುವವರನ್ನು. ನಮ್ಮ ಬೀದಿಯಲ್ಲಿ ಒಂದಲ್ಲ ಒಂದು ಮನೆ ಕಟ್ಟುತ್ತಲೇ ಇರುತ್ತಾರೆ. ಮೇಲಿನವನು ಎಸೆಯುತ್ತಾನೆ, ಕೆಳಗಿನವನು ಹಿಡಿಯುತ್ತಾ ಕೈಯನ್ನು ಇಟ್ಟಿಗೆಯ ಜೊತೆಗೇ ಹಿಂದಕ್ಕೆ ತರುತ್ತಾನೆ. 3 ಕೆಜಿ ಇಟ್ಟಿಗೆ, ಸೆಕೆಂಡಿಗೆ 4 ಮೀಟರ್ ವೇಗ, ಸಂವೇಗ 12. ಇದನ್ನು ನಿಲ್ಲಿಸಲು ಹಿಡಿದ ಸಮಯದಿಂದ ಭಾಗಿಸಿದರೆ ಬೇಕಾದ ಬಲ. ಕೈ ಹಿಂದೆ ತಂದು 0.3 ಸೆಕೆಂಡಿನಲ್ಲಿ ನಿಲ್ಲಿಸಿದರೆ ಸರಾಸರಿ 40 ನ್ಯೂಟನ್ ಸಾಕು, ಇಟ್ಟಿಗೆಯ ತೂಕ ಬೇರೆ. ಕೈ ಸೆಟೆದು 0.02 ಸೆಕೆಂಡಿನಲ್ಲಿ ನಿಲ್ಲಿಸಿದರೆ 600. ಆತ ಸೂತ್ರ ಓದಿಲ್ಲ, ಆದರೆ ಬೆರಳು ಮುರಿದುಕೊಂಡಿಲ್ಲ.

ಮೂರನೇ ನಿಯಮ: ವಿಭಕ್ತಿ ಅದಲು ಬದಲು

ಪ್ರತಿ ಕ್ರಿಯೆಗೂ ಅಷ್ಟೇ ದೊಡ್ಡ, ಎದುರು ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ. ಎಲ್ಲಕ್ಕಿಂತ ಹೆಚ್ಚು ಜನ ಬಾಯಿಪಾಠ ಮಾಡುವುದು ಇದನ್ನು, ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದೂ ಇಲ್ಲೇ. 'ಪ್ರತಿಕ್ರಿಯೆ' ಅಂದಾಗ ಟಿವಿಯಲ್ಲಿ ಒಬ್ಬರ ಹೇಳಿಕೆಗೆ ಇನ್ನೊಬ್ಬರು ಆಮೇಲೆ ಕೊಡುವ ಉತ್ತರ ನೆನಪಾಗುತ್ತದೆ. ಮೊದಲು ಕ್ರಿಯೆ, ಆಮೇಲೆ ಪ್ರತಿಕ್ರಿಯೆ ಅನ್ನಿಸುತ್ತದೆ. ಇಲ್ಲಿ ಮೊದಲು ಆಮೇಲೆ ಇಲ್ಲ. ಒಂದು ಕೈಯಲ್ಲಿ ಚಪ್ಪಾಳೆ ಆಗುತ್ತದೆಯೇ? ತಟ್ಟಿದರೆ ಎರಡು ಅಂಗೈಯೂ ಒಟ್ಟಿಗೇ ಚುರುಗುಟ್ಟುತ್ತವೆ.

ಜೋಡಿ ಹುಡುಕಲು ಅಪ್ಪನ ವ್ಯಾಕರಣವೇ ಸಾಕು. ವಾಕ್ಯ ಬರೆಯಿರಿ: "ಭೂಮಿ ಪುಸ್ತಕವನ್ನು ಕೆಳಗೆ ಎಳೆಯುತ್ತದೆ." ಕರ್ತೃ ಕರ್ಮ ಅದಲು ಬದಲು ಮಾಡಿ, ದಿಕ್ಕು ತಿರುಗಿಸಿ, ಕ್ರಿಯಾಪದ ಹಾಗೇ ಇರಲಿ: "ಪುಸ್ತಕ ಭೂಮಿಯನ್ನು ಮೇಲಕ್ಕೆ ಎಳೆಯುತ್ತದೆ." ಇದೇ ಜೋಡಿ. ಮೇಜಿನ ಮೇಲಿಟ್ಟ ಪುಸ್ತಕದ ತೂಕಕ್ಕೆ ಮೇಜಿನ ತಳ್ಳುವಿಕೆ ಪ್ರತಿಕ್ರಿಯೆ ಅಂತ ಬರೆಯುವವರು ಸಾಲುಗಟ್ಟಿ ನಿಂತಿದ್ದಾರೆ. ಅದಲು ಬದಲು ಮಾಡಿ ನೋಡಿ, ಆ ವಾಕ್ಯದಲ್ಲಿ ಮೇಜು ಎಲ್ಲಿಂದ ಬಂತು? ಮೇಜಿಗೆ ಬೇರೆ ಜೋಡಿ ಇದೆ: ಮೇಜು ಪುಸ್ತಕವನ್ನು ಮೇಲಕ್ಕೆ ತಳ್ಳುತ್ತದೆ, ಪುಸ್ತಕ ಮೇಜನ್ನು ಕೆಳಕ್ಕೆ ತಳ್ಳುತ್ತದೆ. ಜೋಡಿಯ ಎರಡು ಬಾಣ ಎಂದಿಗೂ ಒಂದೇ ವಸ್ತುವಿನ ಮೇಲೆ ಬೀಳುವುದಿಲ್ಲ. ಒಂದೇ ಚಿತ್ರದಲ್ಲಿ ಎರಡೂ ಬಂದಿದ್ದರೆ ತಪ್ಪಿದ್ದೀರಿ ಅಂತ ಅರ್ಥ.

ಈಗ ಹಳೇ ತಕರಾರು. ಎರಡೂ ಸಮ, ಎದುರುಬದುರು ಆದರೆ ಯಾವುದಾದರೂ ಅಲುಗಾಡುವುದಾದರೂ ಹೇಗೆ? ನಮ್ಮ ಬೀದಿಗೆ ಬೆಳಿಗ್ಗೆ ತರಕಾರಿ ತಳ್ಳೋ ಗಾಡಿ ಬರುತ್ತದೆ. ಆತ ಗಾಡಿಯನ್ನು ತಳ್ಳಿದಷ್ಟೇ ಗಾಡಿ ಆತನನ್ನು ಹಿಂದಕ್ಕೆ ತಳ್ಳುತ್ತದೆ. ನಿಜ. ಆದರೆ ಗಾಡಿಯ ಸುತ್ತ ಮಾತ್ರ ಗೆರೆ ಎಳೆಯಿರಿ. ಅದರ ಮೇಲೆ ಅಡ್ಡಡ್ಡಲಾಗಿ ಇರುವುದು ಎರಡೇ: ಆತ ಮುಂದಕ್ಕೆ ತಳ್ಳುವುದು, ರಸ್ತೆ ಚಕ್ರವನ್ನು ತಡೆಯುವುದು. ಮೊದಲನೆಯದು ದೊಡ್ಡದಾದರೆ ಗಾಡಿ ಹೊರಡುತ್ತದೆ. ಗಾಡಿ ಆತನನ್ನು ತಳ್ಳುವ ಬಾಣ ಗಾಡಿಯ ಚಿತ್ರದಲ್ಲಿ ಬರುವುದೇ ಇಲ್ಲ, ಅದು ಆತನ ಚಿತ್ರದ್ದು.

ಆತನ ಸುತ್ತ ಗೆರೆ ಎಳೆದರೆ ಇನ್ನೂ ಚೆಂದ. ಗಾಡಿ ಆತನನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾದರೆ ಮುಂದಕ್ಕೆ ತಳ್ಳುವವರು ಯಾರು? ಬೆರಳು ಆಡಿಸಿ. ಮುಟ್ಟುತ್ತಿರುವುದು ಇನ್ನೊಂದೇ: ರಸ್ತೆ. ಆತ ಕಾಲಿನಿಂದ ರಸ್ತೆಯನ್ನು ಹಿಂದಕ್ಕೆ ಒದೆಯುತ್ತಾನೆ, ರಸ್ತೆ ಆತನನ್ನು ಮುಂದಕ್ಕೆ ತಳ್ಳುತ್ತದೆ. ಮಳೆ ಬಂದ ಮರುದಿನ ನಮ್ಮ ಏರಿನಲ್ಲಿ ನೋಡಬೇಕು. ರಸ್ತೆ ಮೇಲೆ ಕೆಮ್ಮಣ್ಣು ನೊರೆಯ ಹಾಗೆ ಹರಡಿರುತ್ತದೆ. ಆತ ಮೈಯೆಲ್ಲ ಬಗ್ಗಿಸಿ ತಳ್ಳುತ್ತಾನೆ, ಚಪ್ಪಲಿ ಜಾರುತ್ತದೆ, ಗಾಡಿ ಅಲ್ಲೇ ಇರುತ್ತದೆ. ತೋಳಿನ ಶಕ್ತಿ ನಿನ್ನೆ ಇದ್ದಷ್ಟೇ ಇದೆ. ಇವತ್ತು ರಸ್ತೆ ತಳ್ಳುತ್ತಿಲ್ಲ. ಒಂದು ದಿನ ಆತ ಚಪ್ಪಲಿ ಬಿಚ್ಚಿ ಗಾಡಿಯ ಮೇಲಿಟ್ಟು ಬರಿಗಾಲಲ್ಲಿ ತಳ್ಳಿದ, ಗಾಡಿ ಹೊರಟಿತು. ಒಂದು ಸಲ ಹೊರಟ ಮೇಲೆ ಆತನ ಬೆನ್ನು ನೆಟ್ಟಗಾಯಿತು. ಹೊರಡಿಸುವಾಗ ವೇಗ ಬದಲಾಗಬೇಕು, ಜಾಸ್ತಿ ತಳ್ಳಬೇಕು. ಒಂದೇ ಸಮನೆ ಹೋಗುವಾಗ ರಸ್ತೆಯ ತಡೆಯನ್ನು, ಏರಿನ ಪಾಲನ್ನು ಸರಿದೂಗಿಸಿದರೆ ಸಾಕು.

ಏರಿನ ಲೆಕ್ಕದಲ್ಲಿ ಸೈನ್ ಎಲ್ಲಿ, ಕಾಸ್ ಎಲ್ಲಿ ಅಂತ ಗೊಂದಲ ಆದರೆ ಒಂದೇ ಉಪಾಯ. ಕೋನ ಸೊನ್ನೆ ಮಾಡಿ ನೋಡಿ. ಸಮತಟ್ಟು ನೆಲದಲ್ಲಿ ತೂಕದ ಯಾವ ಪಾಲೂ ಗಾಡಿಯನ್ನು ಹಿಂದಕ್ಕೆ ಎಳೆಯಬಾರದು. ಸೊನ್ನೆಗೆ ಸೊನ್ನೆ ಆಗುವುದು ಸೈನ್. ಹಾಗಾಗಿ ಏರಿನುದ್ದಕ್ಕೂ ಇರುವ ಪಾಲು ಸೈನ್‌ನದು. ಇದಕ್ಕಿಂತ ಹೆಚ್ಚು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಮನೆಯಲ್ಲಿ ಮಾಡಿ

ದಿನಕ್ಕೆ ಒಂದು ಸೂತ್ರದ ಬದಲು ದಿನಕ್ಕೆ ಒಂದು ಚಿತ್ರ. ಮೊದಲು ವಾಕ್ಯ, ಆಮೇಲೆ ಬಾಣ, ಕೊನೆಗೆ ಸಮೀಕರಣ. ಈ ವಾರಕ್ಕೆ ಮೂರು ಕೊಡುತ್ತೇನೆ.

ಮೇಲಕ್ಕೆ ಎಸೆದ ಕಿತ್ತಳೆಹಣ್ಣು ತುತ್ತತುದಿಯಲ್ಲಿ ಒಂದು ಕ್ಷಣ ನಿಂತಿದೆ. ಅದರ ಮೇಲೆ ಎಷ್ಟು ಬಾಣ?

ಕಂಬ ಹಿಡಿಯದೆ ಮೆಟ್ರೋದಲ್ಲಿ ನಿಂತಿದ್ದೀರಿ, ರೈಲು ಬ್ರೇಕ್ ಹಾಕುತ್ತಿದೆ. ನೀವು ಬೀಳಲಿಲ್ಲ. ನಿಮ್ಮ ಮೇಲೆ ಎಷ್ಟು ಬಾಣ, ಅಡ್ಡ ಬಾಣ ಯಾವ ಕಡೆಗೆ?

ಎರಡನೇ ಮಹಡಿಯ ಅಜ್ಜಿ ಬುಟ್ಟಿಗೆ ಹಗ್ಗ ಕಟ್ಟಿ ಇಳಿಬಿಟ್ಟು ತರಕಾರಿ ಹಾಕಿಸಿಕೊಂಡಿದ್ದಾರೆ. ಬುಟ್ಟಿ, ತರಕಾರಿ ಸೇರಿ 2 ಕೆಜಿ. ಒಂದೇ ಸಮನೆ ನಿಧಾನವಾಗಿ ಮೇಲಕ್ಕೆ ಎಳೆಯುತ್ತಿದ್ದಾರೆ. ಹಗ್ಗದ ಎಳೆತ ತೂಕಕ್ಕಿಂತ ಜಾಸ್ತಿಯೋ, ಸಮವೋ?

ಮೊದಲನೆಯದಕ್ಕೆ ಒಂದು ಬಾಣ, ಕೆಳಗೆ. ನಿಂತಿದೆ ಅಂತ ಸೊನ್ನೆ ಬರೆದರೆ, ಆ ಕ್ಷಣದಲ್ಲಿ ಭೂಮಿ ಎಲ್ಲಿಗೆ ಹೋಗಿತ್ತು ಅಂತ ಕೇಳುತ್ತೇನೆ. ಎರಡನೆಯದಕ್ಕೆ ಮೂರು, ಅಡ್ಡ ಬಾಣ ಹಿಂದಕ್ಕೆ, ಕೊಡುವುದು ನೆಲ. ಮೂರನೆಯದಕ್ಕೆ ಎರಡು ಬಾಣ, ಎರಡೂ ಸಮ, ಸುಮಾರು 19.6 ನ್ಯೂಟನ್. "ಮೇಲಕ್ಕೆ ಹೋಗ್ತಾ ಇದೆ, ಜಾಸ್ತಿ ಇರಬೇಕಲ್ವಾ ಮಿಸ್" ಅನ್ನುವವರು ಬೋರಿಕ್ ಪೌಡರ್ ಡಬ್ಬಿ ತಗೊಂಡು ಕೇರಂ ಬೋರ್ಡಿಗೆ ವಾಪಸ್ ಹೋಗಿ.